ಮೂತಿಯಲ್ಲಿ ಕೂತವರು

ಸಲ್ವಾ, ಕುವೈತ್
30 ಜನವರಿ 1999

ಮಿಶಾರಿ,

ಸಲಾಂ ಹೇಳದೆ ಕಾಗದ ಶುರು ಮಾಡಿದರೆ ತೀರಿಹೋದ ನನ್ನ ತಾಯಿ ಗೋರಿಯಿಂದಲೇ ಬೈಯುತ್ತಾಳೆ. ಆದ್ದರಿಂದ ಸಲಾಂ. ಕ್ಷೇಮವೇ ಎಂದು ಕೇಳುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಫೋನ್ ಮಾಡಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ, ಮನೆಗೆ ಬಂದರೆ ಅದಕ್ಕಿಂತ ಕೆಟ್ಟದ್ದಾಗುತ್ತದೆ. ಅದಕ್ಕೇ ಹತ್ತು ನಿಮಿಷದ ದಾರಿಯಲ್ಲಿರುವ ಹಳೆಯ ಗೆಳೆಯನಿಗೆ ಕಾಗದ ಬರೆದು ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಬರ್ರಾಕನ ಮನೆಯ ದಿವಾನಿಯಾ ಪಡಸಾಲೆಯಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಚಹಾ ಕುಡಿಯುತ್ತ ಕೂತಿದ್ದಾಗ ಯಾರೋ ಪುಣ್ಯಾತ್ಮ ನೀನು ಬರೆಯುವ ಆ ಮಾಸಪತ್ರಿಕೆ ತೆಗೆದು ಗಟ್ಟಿಯಾಗಿ ಓದಿದ. ಹಗಲು ವಿಹಾರಕ್ಕೆ ಮೂರು ಐಷಾರಾಮಿ ಮೋಟಾರು ದೋಣಿಗಳು, ಯಾವುದರ ಕಟ್ಟಿದ ಕೆಲಸ ಗಟ್ಟಿ, ಯಾವುದು ಒರಟು ನೀರಿಗೆ ತಡೆಯುತ್ತದೆ. ಇಟಲಿಯದ್ದೊಂದು, ಟರ್ಕಿಯದ್ದೊಂದು, ನನ್ನ ಶಾಹೀನ್ ಒಂದು. ಕಟ್ಟಿದ ಕೆಲಸದಲ್ಲಿ ಶಾಹೀನ್ ಮೊದಲು ಅಂದಿದ್ದೀಯ. ಪೆಟ್ಟಿಗೆಗಳ ಮುಚ್ಚಳ ಒಂದೂ ಗಲಗಲ ಅನ್ನುವುದಿಲ್ಲ, ಕೀಲುಗಳಲ್ಲಿ ತುಕ್ಕು ಹಿಡಿಯುವ ಲೋಹ ಇಲ್ಲ, ತೇಗದ ಹಲಗೆಗಳ ನಡುವೆ ಉಗುರು ತೂರುವುದಿಲ್ಲ ಎಂದೆಲ್ಲ ಬರೆದಿದ್ದೀಯ. ನಾನು ಮೀಸೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದೆ.

ಆಮೇಲೆ ಬಂತು ನಿನ್ನ ವಿಷ. ಎದುರು ಅಲೆಗೆ ಇದರ ಮೂತಿ ಹೂತುಕೊಳ್ಳುತ್ತದಂತೆ. ಹಿಂದಿನಿಂದ ಅಲೆ ತಳ್ಳಿದಾಗ ಮೂತಿ ನೀರು ಕಚ್ಚಿಕೊಂಡು ದೋಣಿ ಅಡ್ಡಕ್ಕೆ ತಿರುಗುತ್ತದಂತೆ. ಸಂಸಾರವಂದಿಗರು ಕೊಳ್ಳಬಹುದು ಎಂದು ಹೇಳಲು ನಿನ್ನ ಮನಸ್ಸು ಒಪ್ಪುವುದಿಲ್ಲವಂತೆ. ಇಡೀ ದಿವಾನಿಯಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿತು. ಬರ್ರಾಕ್ ಸುಮ್ಮನಿರುವ ಪೈಕಿಯೇ?

"ಏನಪ್ಪಾ ದುಐಜ್, ದೋಣಿ ಮಾಡಿದ್ಯೋ, ಸಲಿಕೆ ಮಾಡಿದ್ಯೋ?"

ನಗದೆ ಉಳಿದವನು ಚಹಾ ಹಂಚುವವನೊಬ್ಬನೇ.

ಮೂವತ್ತು ವರ್ಷ ಮೀನುಗಾರರಿಗೆ ದೋಣಿ ಕಟ್ಟಿದೆ. ಒಬ್ಬನೂ ಬೆರಳು ತೋರಿಸಿಲ್ಲ. ಈ ಶಾಹೀನ್ ನಾನು ಕಟ್ಟಿದ ಮೊದಲ ಸುಖದ ದೋಣಿ, ಮತ್ತು ಅದು ಯಾರಿಗೆಂದು ನಿನಗೆ ಚೆನ್ನಾಗಿ ಗೊತ್ತು. ಬಕ್ರೀದ್ ರಜೆಗೆ ನನ್ನ ಮಗಳು ದಲಾಲ್ ಗಂಡ ಮಕ್ಕಳೊಂದಿಗೆ ಕುಬ್ಬರ್ ದ್ವೀಪಕ್ಕೆ ಹೋಗಲೆಂದು ಕಟ್ಟಿದ್ದು. ಇವತ್ತು ಬೆಳಿಗ್ಗೆ ಅವಳು ಫೋನ್ ಮಾಡಿ, "ಯುಬಾ, ಮಿಶಾರಿ ಚಿಕ್ಕಪ್ಪ ಬರ್ದಿರೋದು ನಿಜಾನಾ?" ಅಂತ ಕೇಳಿದಳು. ನನ್ನ ಕೆಲಸದ ಮೇಲೆ ನನ್ನ ಮಗಳಿಗೇ ಅನುಮಾನ ಬರುವ ಹಾಗೆ ಮಾಡಿದ್ದೀಯ.

ಬರೆದದ್ದನ್ನು ಹಿಂದಕ್ಕೆ ತಗೋ. ಅಲ್ಲಿಯವರೆಗೆ ನಿನಗೂ ನನಗೂ ಮಾತಿಲ್ಲ.

ಇಷ್ಟೇ,
ದುಐಜ್

*

ರುಮೈಥಿಯಾ
3 ಫೆಬ್ರವರಿ 1999

ದುಐಜ್,

ನಿನಗೂ ಸಲಾಂ. ನಿನ್ನ ಡ್ರೈವರ್ ಉತ್ತರ ಈಗಲೇ ಬೇಕಂತೆ ಎಂದು ಬಾಗಿಲಲ್ಲಿ ನಿಂತಿದ್ದ. ಚಹಾ ಕೊಟ್ಟು ಕಳಿಸಿದೆ. ನಿನಗೆ ಅವಸರವಿದೆ ಎಂದು ನನಗೂ ಇರಬೇಕಿಲ್ಲ.

ವಿಷ ಅಂದೆಯಲ್ಲ, ಆ ಮಾತು ನನಗೆ ನಾಟಿತು. ಇಡೀ ಕೆಲಸದ ಕಾಲ ಬಂದರಿನಲ್ಲಿ ಪೈಲಟ್ ಆಗಿ ಪರದೇಶದ ಹಡಗುಗಳನ್ನು ಒಳಗೆ ತಂದು ನಿಲ್ಲಿಸಿದವನು ನಾನು. ಯಾವ ಕ್ಯಾಪ್ಟನ್‌ನ ಮುಖ ನೋಡಿಯೂ ಆಳವನ್ನು ಹೆಚ್ಚು ಕಡಿಮೆ ಹೇಳಿದವನಲ್ಲ. ನಿನ್ನ ಮುಖ ನೋಡಿ ಹೇಳಬೇಕಿತ್ತೇ?

ಮೂರು ದೋಣಿಗೂ ಒಂದೇ ದಾರಿ, ಒಂದೇ ಕೋಸ್ ಗಾಳಿ, ಆಗ್ನೇಯದ್ದು. ಸಾಲ್ಮಿಯಾದಿಂದ ಕುಬ್ಬರ್‌ಗೆ ಗಾಳಿಗೆ ಎದೆ ಕೊಟ್ಟು ಹೋಗುವುದು, ಬರುವಾಗ ಗಾಳಿ ಬೆನ್ನಿಗೆ. ಇಟಲಿಯದ್ದು ಎದುರಲೆಯ ಮೇಲೆ ದಬದಬ ಬೀಳುತ್ತದೆ, ಹಲ್ಲು ಅಲುಗುತ್ತದೆ, ಆದರೆ ಮೂತಿ ಮೇಲೆಯೇ ಇರುತ್ತದೆ. ಅದರ ಪೆಟ್ಟಿಗೆಯೊಂದರ ಹಿಡಿಕೆ ನನ್ನ ಕೈಗೇ ಬಂತು, ಅದನ್ನೂ ಬರೆದೆ. ಟರ್ಕಿಯದ್ದು ನೀರೆರಚಿ ಓಡಿಸುವವನ ಮುಖ ತೊಳೆಯುತ್ತದೆ, ಅದನ್ನೂ ಬರೆದೆ. ಅವರು ಯಾರೂ ನನಗೆ ವಿಷ ಅನ್ನಲಿಲ್ಲ. ನಿನ್ನದರಲ್ಲಿ ಮಾತ್ರ ಬರುವಾಗ ಸ್ಟೀರಿಂಗ್ ನನ್ನ ಕೈ ಮಾತು ಕೇಳಲಿಲ್ಲ. ಅಲೆ ಇಳಿಯುವಾಗ ಮೂತಿ ಒಳಗೆ ಹೋಯಿತು, ಹಿಂಬದಿ ಪಕ್ಕಕ್ಕೆ ಬಂತು. ಇನ್ನೊಂದು ಅಲೆ ಅದೇ ಹೊತ್ತಿಗೆ ಬಂದಿದ್ದರೆ ನಾವು ಮಗುಚುತ್ತಿದ್ದೆವು. ನಾನು ಹೆದರಿದೆ, ದುಐಜ್. ಅದನ್ನು ಪತ್ರಿಕೆಯಲ್ಲಿ ಬರೆಯಲಿಲ್ಲ, ನಿನಗೆ ಬರೆಯುತ್ತಿದ್ದೇನೆ.

ನೀನು ಆ ದಿನ ಮಾಡಿದ ಸತ್ಕಾರ ಮರೆತು ಬರೆದೆ ಅಂದುಕೊಳ್ಳಬೇಡ. ಇಟಲಿಯ ದೋಣಿಯ ಏಜೆಂಟ್ ಒಂದು ಬಾಟಲಿ ನೀರು ಕೊಟ್ಟ, ಟರ್ಕಿಯ ದೋಣಿಯವನು ಅದನ್ನೂ ಕೊಡಲಿಲ್ಲ. ನೀನು ನನಗೋಸ್ಕರ ಮೂತಿಯ ಮೆತ್ತನೆಯ ಹಾಸಿನ ಕೆಳಗಿನ ಗೂಡಿನಲ್ಲಿ ಇಡೀ ಕುರಿಯ ಮಚ್‌ಬೂಸ್ ಅನ್ನದ ಹಂಡೆ, ಮೀನಿನ ಹಂಡೆ, ಐಸ್ ಪೆಟ್ಟಿಗೆಗಳನ್ನು ಇಡಿಸಿದ್ದೆ. ಬಡಿಸಲು ನಿನ್ನ ಅಣ್ಣನ ನಾಲ್ಕು ಮಕ್ಕಳು ಹಾಸಿನ ಮೇಲೆ ಕೂತಿದ್ದರು. ದ್ವೀಪ ಮುಟ್ಟುವ ತನಕ ಹಂಡೆಯ ಮುಚ್ಚಳ ತೆಗೆಯಲು ಆಗಲಿಲ್ಲ. ಅಲ್ಲಿ ಎರಡು ತುತ್ತು ತಿಂದೆ, ಉಳಿದದ್ದೆಲ್ಲ ಹಾಗೇ ವಾಪಸು ಬಂತು. ನಿನ್ನ ಉಪ್ಪು ತಿಂದು ನಿನ್ನ ದೋಣಿಯ ದೋಷ ಬರೆಯುವಾಗ ಪೆನ್ನು ಓಡಲಿಲ್ಲ. ಆದರೂ ಓಡಿಸಿದೆ.

ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮಿಶಾರಿ

*

ಸಲ್ವಾ
4 ಫೆಬ್ರವರಿ 1999

ಮಿಶಾರಿ,

ನಿನ್ನ ಕಾಗದದ ಕೊನೆಯ ಭಾಗವನ್ನು ಓದಿದೆ, ಮತ್ತೆ ಓದಿದೆ, ಹೆಂಡತಿಯನ್ನು ಕರೆದು ಓದಿಸಿದೆ. ಇಟಲಿಯ ದೋಣಿಯಲ್ಲಿ ನೀನು, ಏಜೆಂಟ್, ಒಂದು ಬಾಟಲಿ ನೀರು. ನನ್ನ ದೋಣಿಯಲ್ಲಿ ಒಂದು ಮದುವೆಮನೆಯ ಅಡಿಗೆ ಮತ್ತು ನಾಲ್ಕು ದಾಂಡಿಗರು, ಅದೂ ಎಲ್ಲ ಮೂತಿಯಲ್ಲಿ. ಆ ಹುಡುಗರನ್ನು ನೋಡಿದ್ದೀಯ ತಾನೇ? ಒಬ್ಬೊಬ್ಬ ಒಂದೊಂದು ಫ್ರಿಜ್ಜಿನಷ್ಟಿದ್ದಾನೆ.

ಇಷ್ಟೆಲ್ಲ ಹೇರಿಕೊಂಡು ಹೋಗಿ, ಬರಿಗೈಯಲ್ಲಿ ಓಡಿದ ದೋಣಿಗಳ ಪಕ್ಕಕ್ಕೆ ನನ್ನದನ್ನು ನಿಲ್ಲಿಸಿ, ಮೂತಿ ಹೂತುಕೊಳ್ಳುತ್ತದೆ ಎಂದು ನಾಡಿಗೆಲ್ಲ ಸಾರಿದೆ. ಇದು ಪರೀಕ್ಷೆಯೇ? ಬಂದರಿನಲ್ಲಿ ಹಡಗು ತರುವಾಗ ಅದರಲ್ಲಿ ಸರಕಿದೆಯೋ ಇಲ್ಲವೋ ನೋಡುತ್ತಿರಲಿಲ್ಲವೇ ನೀನು? ಕುರಿ ಕಣ್ಣಿಗೆ ಬಿತ್ತು, ಮೂಗಿಗೆ ಬಿತ್ತು, ಹೊಟ್ಟೆಗೂ ಬಿತ್ತು, ಲೆಕ್ಕಕ್ಕೆ ಮಾತ್ರ ಬೀಳಲಿಲ್ಲ.

ನನ್ನ ಮರ್ಯಾದೆಯನ್ನೇ ನನ್ನ ವಿರುದ್ಧ ಸಾಕ್ಷಿ ಹೇಳಿಸಿದೆ. ಇಂಥದ್ದನ್ನು ಶತ್ರು ಕೂಡ ಮಾಡುವುದಿಲ್ಲ.

ದುಐಜ್

*

ರುಮೈಥಿಯಾ
8 ಫೆಬ್ರವರಿ 1999

ದುಐಜ್,

ಹಂಡೆ ಹೇರಿಸಿದ್ದು ನಾನಲ್ಲ. ಹುಡುಗರನ್ನು ಕೂರಿಸಿದ್ದೂ ನಾನಲ್ಲ. ದೋಣಿಕಟ್ಟೆಯಲ್ಲಿ ನಿಂತು "ಇವನ್ನೆಲ್ಲ ಇಳಿಸು, ನಾನು ಬಂದದ್ದು ದೋಣಿ ನೋಡಲು" ಅಂದಿದ್ದರೆ ನೀನು ನನ್ನನ್ನು ಜೀವಸಹಿತ ಬಿಡುತ್ತಿದ್ದೆಯಾ? ನನಗೋಸ್ಕರ ಕುರಿ ಕಡಿಸಿದವನಿಗೆ ಕುರಿ ಇಳಿಸು ಅನ್ನುವ ಬಾಯಿ ನಮ್ಮಲ್ಲಿ ಯಾರಿಗಿದೆ? ನನ್ನ ತಾಯಿ ಇದ್ದಿದ್ದರೆ ನನಗೆ ಮನೆ ಬಾಗಿಲು ಹಾಕುತ್ತಿದ್ದಳು.

ಆದರೆ ನಿನ್ನ ಸಿಟ್ಟಿನಲ್ಲಿ ಒಂದು ಮಾತು ಸರಿಯಿದೆ, ಅದು ನನ್ನನ್ನು ಮಲಗಗೊಡುತ್ತಿಲ್ಲ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಅಷ್ಟು ವರ್ಷ ನೀರಿನ ಮೇಲಿದ್ದವನಿಗೆ ಅದು ಹೊಳೆಯಲಿಲ್ಲ. ಸತ್ಕಾರಕ್ಕೂ ತೂಕವಿರುತ್ತದೆ ಎಂದು ನಮ್ಮ ಜನಕ್ಕೆ ಹೊಳೆಯುವುದೇ ಇಲ್ಲ.

ಮುಂದಿನ ಕೋಸ್ ಗಾಳಿಗೆ ಬರುತ್ತೇನೆ. ದೋಣಿಯಲ್ಲಿ ನಾನು ಮತ್ತು ನೀನು. ಒಂದು ಖರ್ಜೂರ ಕೂಡ ತರಕೂಡದು. ಮಾತು ಬೇಡ ಅಂದಿದ್ದೀಯ, ಆಡುವುದು ಬೇಡ. ನೀರು ಹೇಳಿದ್ದನ್ನು ಇಬ್ಬರೂ ಕೇಳೋಣ.

ಮಿಶಾರಿ

*

ರುಮೈಥಿಯಾ
27 ಫೆಬ್ರವರಿ 1999

ದುಐಜ್,

ನಿನ್ನೆ ನೀನೇ ನೋಡಿದೆ. ಆದರೂ ಬರವಣಿಗೆಯಲ್ಲಿ ಬೇಕು ಅನ್ನುತ್ತೀಯ ಎಂದು ಬರೆಯುತ್ತಿದ್ದೇನೆ.

ಖಾಲಿ ಶಾಹೀನ್ ಎದುರಲೆಯನ್ನು ಬೆಣ್ಣೆಯ ಹಾಗೆ ಕೊಯ್ದುಕೊಂಡು ಹೋಗುತ್ತದೆ. ಇಟಲಿಯದ್ದು ಬಡಿದ ಕಡೆ ಇದು ಸದ್ದಿಲ್ಲದೆ ಹೋಯಿತು. ಬರುವಾಗ ಒಂದು ಬೆರಳಲ್ಲಿ ಸ್ಟೀರಿಂಗ್ ಹಿಡಿದೆ. ಆ ಚೂಪು ಮೂತಿಯ ಹಿರಿಮೆ ಅದು. ಹಿಂದಿನ ಲೇಖನ ತಪ್ಪು ಸ್ಥಿತಿಯಲ್ಲಿ ಮಾಡಿದ ಪರೀಕ್ಷೆ, ಒರಟು ನೀರಿನಲ್ಲಿಯೂ ಶಾಹೀನ್‌ಗೇ ಮೊದಲ ಸ್ಥಾನ ಎಂದು ಮಾರ್ಚ್ ಸಂಚಿಕೆಗೆ ಬರೆದು ಕೊಟ್ಟಿದ್ದೇನೆ. ಬರ್ರಾಕನ ದಿವಾನಿಯಾಕ್ಕೂ ಒಂದು ಪ್ರತಿ ಕಳಿಸುತ್ತೇನೆ, ಓದಲಿ.

ಇನ್ನೊಂದು ಮಾತಿತ್ತು. ಬಿಡು.

ಮಿಶಾರಿ

*

ಸಲ್ವಾ
20 ಮಾರ್ಚ್ 1999

ಬು ಗಾನಿಮ್,

ನೋಡು, ಮತ್ತೆ ನಿನ್ನ ಮಗನ ಹೆಸರು ಹಿಡಿದು ಕರೆಯುತ್ತಿದ್ದೇನೆ. ಸಿಟ್ಟು ಪೂರಾ ಹೋಗಿಲ್ಲ, ಆದರೆ ಇಳಿದಿದೆ. ನಿನ್ನ ಹೊಸ ಬರಹವನ್ನು ದಿವಾನಿಯಾದಲ್ಲಿ ನಾನೇ ನಿಂತು ಓದಿದೆ. ಬರ್ರಾಕ್ ಕೆಮ್ಮು ಬಂದವನ ಹಾಗೆ ಎದ್ದು ಹೊರಗೆ ಹೋದ. ಸಲಿಕೆ ಅಂದವನು ಈಗ ನನಗೂ ಒಂದು ಶಾಹೀನ್ ಬೇಕು ಅನ್ನುತ್ತಾನೆ. ಅವನಿಗೆ ಮಾತ್ರ ಕೊಡುವುದಿಲ್ಲ.

ದಲಾಲ್ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದಳು. ಪತ್ರಿಕೆಯನ್ನೇ ಕೈಗಿಟ್ಟೆ. "ಚಿಕ್ಕಪ್ಪನೇ ತಪ್ಪಾಯ್ತು ಅಂದಿದ್ದಾರೆ, ಇನ್ನೇನು ಬೇಕಮ್ಮ ನಿಂಗೆ?" ಅಂದೆ. ಹಬ್ಬದ ಮೂರನೆಯ ದಿನ ಎಲ್ಲರೂ ಕುಬ್ಬರ್‌ಗೆ ಹೊರಡುತ್ತಾರೆ.

ಅಂದ ಹಾಗೆ ನಿನಗಿದ್ದ ಇನ್ನೊಂದು ಮಾತು ಏನೆಂದು ನಾನು ಕೇಳುವುದಿಲ್ಲ. ನಿನ್ನ ಹೊಗಳಿಕೆಗೂ ಬಾಲ ಇದ್ದೇ ಇರುತ್ತದೆ ಎಂದು ನನಗೆ ಗೊತ್ತು. ಹಬ್ಬಕ್ಕೆ ಮನೆಗೆ ಬಾ.

ನಿನ್ನ ದುಐಜ್

*

ಮಿಶ್ರಿಫ್
3 ಏಪ್ರಿಲ್ 1999

ಯುಬಾ, ಮಿಶಾರಿ ಚಿಕ್ಕಪ್ಪ,

ಈ ಕಾಗದವನ್ನು ಎರಡು ಸಲ ಬರೆದಿದ್ದೇನೆ, ಒಂದಕ್ಷರ ವ್ಯತ್ಯಾಸವಿಲ್ಲದೆ. ಒಬ್ಬರಿಗೆ ಮೆತ್ತಗೆ ಬರೆದಳು, ಇನ್ನೊಬ್ಬರಿಗೆ ಖಾರವಾಗಿ ಬರೆದಳು ಎಂದು ನೀವಿಬ್ಬರೂ ಅದಕ್ಕೂ ಜಗಳ ತೆಗೆಯಬಾರದು.

ಸಬೀಕಾಳನ್ನು ಆಸ್ಪತ್ರೆಯಿಂದ ಕರೆತಂದೆವು. ಹೆಗಲ ಮೂಳೆ ಮುರಿದಿದೆ, ಕೂಡಿಕೊಳ್ಳುತ್ತದಂತೆ. ಆರು ವರ್ಷದ ಹುಡುಗಿ, ಬಚ್ಚಲಲ್ಲಿ ನಲ್ಲಿ ತಿರುಗಿಸಿದರೂ ಕಿರುಚುತ್ತಾಳೆ. ನಿಮಗೆ ವಿಷಯ ಗೊತ್ತು. ಆದರೂ ನನ್ನ ಬಾಯಿಂದ ಕೇಳಿ.

ಹೋಗುವಾಗ ಸಮುದ್ರ ಎಣ್ಣೆ ಸುರಿದ ಹಾಗೆ ಶಾಂತವಾಗಿತ್ತು. ಮಧ್ಯಾಹ್ನ ಕೋಸ್ ಎದ್ದಿತು, ಬೇಗ ಹೊರಟೆವು. ಅತ್ತೆ, ಇಬ್ಬರು ನಾದಿನಿಯರು, ನನ್ನ ನಾಲ್ಕು ಮಕ್ಕಳು ಎಲ್ಲ ಮುಂದೆ ಮೂತಿಯಲ್ಲಿ. ಹಂಡೆ, ಐಸ್ ಪೆಟ್ಟಿಗೆ ಹಾಸಿನ ಕೆಳಗೆ. ಬೆನ್ನ ಹಿಂದಿನಿಂದ ದೊಡ್ಡ ಅಲೆಯೊಂದು ಎತ್ತಿತು. ಕೆಳಗಿಳಿದ ಮೂತಿ ಮೇಲೆ ಬರಲೇ ಇಲ್ಲ. ನೀರು ಮಕ್ಕಳ ತಲೆಯ ಮೇಲಿನಿಂದ ಬಂತು. ದೋಣಿ ಅಡ್ಡ ತಿರುಗಿತು. ಸಬೀಕಾ ಹಾಸಿನ ಮೇಲಿಂದ ಜಾರಿ ಅಂಚಿಗೆ ಹೋದಳು. ಅತ್ತೆ ಅವಳ ಜಡೆ ಹಿಡಿದರು. ಜಡೆ ಸಿಗದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಆಮೇಲೆ ಅಮ್ಮ ಅಳುತ್ತ ನಿಮ್ಮ ಜಗಳವನ್ನೆಲ್ಲ ಹೇಳಿದಳು. ಮೊದಲು ಕುರಿ ಇತ್ತಂತೆ, ಅದಕ್ಕೇ ಮೂತಿ ಮುಳುಗಿತಂತೆ, ಕುರಿ ಇಳಿಸಿದ ಮೇಲೆ ದೋಣಿ ಒಳ್ಳೆಯದಾಯಿತಂತೆ. ಅದನ್ನು ಪತ್ರಿಕೆಯಲ್ಲೂ ಹಾಕಿಸಿ ನನ್ನ ಕೈಗಿಟ್ಟಿರಿ.

ಈ ಊರಿನಲ್ಲಿ ಬರಿಗೈಯಲ್ಲಿ ಕುಬ್ಬರ್‌ಗೆ ಹೋಗುವವರು ಯಾರು, ಒಬ್ಬರ ಹೆಸರು ಹೇಳಿ. ಹೆಂಗಸರು ಮಕ್ಕಳು ಎಲ್ಲಿ ಕೂರುತ್ತಾರೆ? ಗಂಡಸರ ಸಿಗರೇಟು ಹಿಂದೆ ಇರುತ್ತದೆ, ನಾವು ಮುಂದೆ ಇರುತ್ತೇವೆ. ಆ ಮೆತ್ತನೆಯ ಹಾಸನ್ನು ಅಲ್ಲಿ ಹಾಕಿಸಿದ್ದು ನೀನೇ ಯುಬಾ. ಅದರ ಕೆಳಗೆ ಹಂಡೆ ಕೂರುವ ಅಳತೆಯ ಗೂಡು ಮಾಡಿಸಿ, ನನಗೆ ತೆರೆದು ತೋರಿಸಿ ಹಿಗ್ಗಿದ್ದೂ ನೀನೇ. ಚಿಕ್ಕಪ್ಪ, ನೀವು ಆ ಗೂಡನ್ನು ಅಳೆದು ಅಂಕ ಕೊಟ್ಟಿದ್ದೀರಿ.

ಎರಡು ತಿಂಗಳು ನೀವು ವಾದ ಮಾಡಿದ್ದು ಯಾರು ಯಾರ ಮಾನ ಕಳೆದರು ಎಂದು. ನಿಮ್ಮ ಲೆಕ್ಕದಲ್ಲಿ ಮೂತಿಯಲ್ಲಿದ್ದದ್ದು ಕುರಿ. ಅಲ್ಲಿ ಕೂತದ್ದು ನನ್ನ ಮಕ್ಕಳು.

ಯುಬಾ, ನೀನು ಕಟ್ಟಿದ ಯಾವ ದೋಣಿಗೂ ಇನ್ನು ನನ್ನ ಮಕ್ಕಳು ಕಾಲಿಡುವುದಿಲ್ಲ. ಶುಕ್ರವಾರ ಊಟಕ್ಕೆ ಬರುತ್ತೇವೆ, ಅದು ಬೇರೆ. ಆದರೆ ದೋಣಿಯ ಮಾತು ಎತ್ತಿದರೆ ತಟ್ಟೆ ಬಿಟ್ಟು ಏಳುತ್ತೇನೆ.

ದಲಾಲ್

*

ರುಮೈಥಿಯಾ
9 ಏಪ್ರಿಲ್ 1999

ದುಐಜ್,

ನಿನಗೂ ಅದೇ ಕಾಗದ ಬಂದಿರಬೇಕು. ನಾನು ಸಬೀಕಾಳನ್ನು ನೋಡಿ ಬಂದೆ. ನನ್ನ ಕೈಯಿಂದ ಸಿಹಿ ಡಬ್ಬಿ ತೆಗೆದುಕೊಂಡಳು, ಮಡಿಲಿಗೆ ಬರಲಿಲ್ಲ.

ಆ ಇನ್ನೊಂದು ಮಾತು ಏನೆಂದು ಈಗ ಬರೆಯುತ್ತೇನೆ. ಖಾಲಿ ದೋಣಿಯಲ್ಲಿ ವಾಪಸು ಬರುವಾಗಲೇ ಹೊಳೆದಿತ್ತು. ಮೂತಿ ಇಷ್ಟು ಚೂಪಾಗಿರುವುದರಿಂದಲೇ ನೀರು ಕೊಯ್ಯುತ್ತದೆ, ಚೂಪಾಗಿರುವುದರಿಂದಲೇ ಭಾರ ಹೊತ್ತರೆ ಏಳುವುದಿಲ್ಲ. ದಲಾಲ್‌ಗೆ ಮುಂದೆ ಯಾರನ್ನೂ ಕೂರಿಸಬೇಡ ಎಂದು ಹೇಳು ಅಂತ ಬರೆಯಲು ಹೊರಟೆ. ಬರೆಯಲಿಲ್ಲ. ಆಗಷ್ಟೇ ಸೋತಿದ್ದೆ, ಸೋತವನು ಮತ್ತೆ ಕೊಂಕು ತೆಗೆದ ಅಂದುಬಿಡುತ್ತೀಯ ಎಂದು ಸುಮ್ಮನಾದೆ. ನಿನ್ನ ಎದುರು ಮಾನ ಉಳಿಸಿಕೊಳ್ಳಲು ಆ ಮಗುವಿನ ಪ್ರಾಣವನ್ನು ಅಲೆಯ ಮೇಲಿಟ್ಟೆ. ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿದೆ.

ನಿನ್ನ ಮೇಲೂ ಸಿಟ್ಟಿದೆ, ಬಿಡುವುದಿಲ್ಲ. ಬಾಲ ಇದ್ದೇ ಇರುತ್ತದೆ ಎಂದು ನಗಾಡಿದೆಯೇ ಹೊರತು ಏನದು ಎಂದು ಕೇಳಲಿಲ್ಲ.

ಮೊನ್ನೆ ಸಂಪಾದಕನ ಹತ್ತಿರ ಹೋಗಿದ್ದೆ. ಇನ್ನು ಮುಂದೆ ಎಲ್ಲ ದೋಣಿಗಳನ್ನೂ ಹಂಡೆ, ಐಸ್, ಏಳೆಂಟು ಜನರನ್ನು ಮುಂದೆ ಕೂರಿಸಿ ಓಡಿಸಬೇಕು, ಇಲ್ಲಿ ಜನ ದೋಣಿ ಬಳಸುವುದೇ ಹಾಗೆ ಅಂದೆ. ಅವನು ಇಟಲಿಯ ದೋಣಿಯ ಏಜೆಂಟನಿಗೆ ಫೋನ್ ಹಚ್ಚಿದ. ಏಜೆಂಟ್ ಏನಂದ ಗೊತ್ತೇ? "ನಮ್ದು ದೋಣಿ ಸಾರ್, ಊಟದ ಗಾಡಿ ಅಲ್ಲ." ಸಂಪಾದಕ ನಕ್ಕ. ಜಾಹೀರಾತು ಕೊಡುವವರು ಖಾಲಿ ದೋಣಿಯನ್ನೇ ನೋಡಬೇಕಂತೆ. ಮೇಜು ಗುದ್ದಿ ಎದ್ದು ಬಂದೆ. ಮೊದಲಿನ ಲೇಖನವೇ ಸರಿಯಿತ್ತು ಎಂದು ನಾಲ್ಕು ಸಾಲು ಹಾಕಿಸಲು ಮಾತ್ರ ಸಾಧ್ಯವಾಯಿತು. ಕೊನೆಯ ಪುಟದಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ ಬರುತ್ತದೆ.

ನೀನೇನು ಮಾಡುತ್ತೀಯ ಹೇಳು.

ಮಿಶಾರಿ

*

ಸಲ್ವಾ
22 ಅಕ್ಟೋಬರ್ 1999

ಬು ಗಾನಿಮ್,

ಆರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ಕೆಲಸವಿತ್ತು. ಶಾಹೀನ್‌ನ ಅಚ್ಚನ್ನು ಮೂತಿಯ ಹತ್ತಿರ ಗರಗಸ ಹಾಕಿ ಕೊಯ್ಯಿಸಿದೆ. ನನ್ನ ಕೈಯಿಂದಲೇ ಗೆರೆ ಎಳೆದೆ. ಮೂತಿಯ ಎರಡೂ ಕೆನ್ನೆ ಉಬ್ಬಿಸಿ ಹೊಸ ಅಚ್ಚು ಮಾಡಿ, ಹೊಸ ಫೈಬರ್ ಒಡಲು ಎರೆದೆವು. ಮೊದಲಿನ ಚೆಲುವು ಹೋಯಿತು. ಈಗ ಹಲ್ಲುನೋವಿನವನ ಮುಖದ ಹಾಗಿದೆ.

ಕಳೆದ ತಿಂಗಳು ನೀನು ಬಂದು ಪತ್ರಿಕೆಯ ನಿಯಮದಂತೆ ಖಾಲಿ ಓಡಿಸಿದೆ. ಎದುರಲೆಗೆ ಬಡಿಯುತ್ತದೆ, ಮೂರರಲ್ಲಿ ಮೂರನೆಯದು ಎಂದು ಬರೆದೆ. ಬರ್ರಾಕ್ ಅದನ್ನು ದಿವಾನಿಯಾದಲ್ಲಿ ಎರಡು ಸಲ ಓದಿಸಿದ, ಮೊದಲ ಸಲ ಹಿಂದೆ ಕೂತವರಿಗೆ ಕೇಳಲಿಲ್ಲವಂತೆ. ನನ್ನ ಹೊಟ್ಟೆ ಉರಿಯಿತು. ಯಾಕೆ ಉರಿಯಬಾರದು? ನನ್ನದು ಬಡಿಯುತ್ತದೆ ಎಂದು ಮೇಲಿನ ಸಾಲಲ್ಲಿ ಬರೆದು, ಭಾರ ಹೊತ್ತು ನೋಡಬೇಕು ಎಂದು ಕೆಳಗಿನ ಸಾಲಲ್ಲಿ ಬರೆದರೆ ಯಾರು ಓದುತ್ತಾರೆ? ಆದರೂ ಒಂದಕ್ಷರ ಬದಲಾಯಿಸಬೇಡ. ಖಾಲಿ ಇದ್ದಾಗ ಅದು ಮೂರನೆಯದೇ. ಈಗ ಕೇಳಿದವರಿಗೆಲ್ಲ ನಾನೇ ಹೇಳುತ್ತಿದ್ದೇನೆ.

ನಿನ್ನೆ ನಡೆದದ್ದು ಹೇಳಲು ಕಾಗದ ತೆಗೆದೆ. ಕೋಸ್ ಜೋರಾಗಿತ್ತು. ಮಧ್ಯಾಹ್ನ ದಲಾಲ್ ದೋಣಿಕಟ್ಟೆಗೆ ಬಂದಳು, ಅವಳ ಅಮ್ಮನಿಂದ ಹೊಸ ಮೂತಿಯ ವಿಷಯ ತಿಳಿದಿರಬೇಕು. ಆರು ತಿಂಗಳಲ್ಲಿ ಅವಳು ದೋಣಿಯ ಹೆಸರೆತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಕಾರನ್ನು ದೂರದಲ್ಲಿ ನಿಲ್ಲಿಸಿ ಒಬ್ಬಳೇ ನಡೆದು ಬಂದಳು. ಹಂಡೆಯ ಗೂಡಿನ ಮುಚ್ಚಳ ತೆಗೆದು ನೋಡಿದಳು. ಗೂಡಿನ ತುಂಬ ಮರಳು ಚೀಲ ತುಂಬಿಸು, ಹಾಸಿನ ಮೇಲೂ ಏಳು ಜನರ ತೂಕಕ್ಕೆ ಚೀಲ ಕಟ್ಟಿಸು ಅಂದಳು. ಕೆಲಸದ ಹುಡುಗರು ಕಟ್ಟಿದರು. ನಾನು ಯಾರನ್ನಾದರೂ ಜೊತೆಗೆ ಕರೆಯಲು ಹೊರಟೆ.

"ಯಾರೂ ಬೇಡ ಯುಬಾ. ನೀನು ಓಡ್ಸು."

ಲೈಫ್ ಜಾಕೆಟ್ ಕಟ್ಟಿಕೊಂಡು ಹೋಗಿ ಮೂತಿಯ ತುದಿಯಲ್ಲಿ ಕೂತಳು, ಸಬೀಕಾ ಕೂತಿದ್ದ ಜಾಗದಲ್ಲೇ. ಬೇಡಮ್ಮ ಅಂದೆ. ಅವಳು ಸಮುದ್ರದ ಕಡೆಗೆ ಕೈ ತೋರಿಸಿದಳು.

ಗಾಳಿಗೆ ಎದುರಾಗಿ ದಡ ಕಾಣದಷ್ಟು ದೂರ ಹೋದೆವು. ದಬದಬ ಬಡಿಯಿತು, ನೀನು ಬರೆದ ಹಾಗೆಯೇ. ಆಮೇಲೆ ತಿರುಗಿಸಿದೆ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದೆ, ಮಿಶಾರಿ. ದೊಡ್ಡದೊಂದು ಅಲೆ ಹಿಂದಿನಿಂದ ಎತ್ತಿತು. ನನ್ನ ಮಗಳ ಬೆನ್ನು ಕೆಳಗೆ ಕೆಳಗೆ ಹೋಯಿತು. ಅವಳು ಹಿಡಿಕೆ ಹಿಡಿದಿರಲಿಲ್ಲ, ಎರಡೂ ಕೈ ಮಡಿಲಲ್ಲಿಟ್ಟುಕೊಂಡಿದ್ದಳು. ನೀರು ಕೆನ್ನೆಯ ತನಕ ಬಂದು ಎರಡೂ ಕಡೆಗೆ ಸರಿಯಿತು. ಮೂತಿ ಎದ್ದಿತು. ಅದರ ಹಿಂದಿನ ಅಲೆಗೂ ಎದ್ದಿತು. ಸ್ಟೀರಿಂಗ್ ನೇರ ಇತ್ತು. ನಾನು ಅಳುತ್ತಿದ್ದೆ, ಅವಳಿಗೆ ಕಾಣಲಿಲ್ಲ.

ದೋಣಿಕಟ್ಟೆಗೆ ಹಗ್ಗ ಹಾಕುವ ಮೊದಲೇ ಇಳಿದಳು. ಮುಖದ ತುಂಬ ಉಪ್ಪು. ಸೀದಾ ಕಾರಿನ ಹತ್ತಿರ ನಡೆದಳು. ಮುಗಿಯಿತು, ಹೊರಟಳು ಅಂದುಕೊಂಡೆ. ಅವಳು ಹಿಂದಿನ ಬಾಗಿಲು ತೆಗೆದಳು.

ಮಕ್ಕಳು ಅಷ್ಟು ಹೊತ್ತೂ ಅಜ್ಜಿಯ ಜೊತೆ ಕಾರಿನಲ್ಲೇ ಕೂತಿದ್ದರು, ನಾಲ್ವರೂ, ಲೈಫ್ ಜಾಕೆಟ್ ಕಟ್ಟಿಕೊಂಡು.

ನಿನ್ನ
ದುಐಜ್